ವಿದೇಶ ಪ್ರವಾಸದ ಕೊನೆಯ ದಿನ ಸ್ಥಳೀಯ ಊಟ: ಹಾಸನ, ಚಿಕ್ಕಮಗಳೂರಿನ ಪ್ರವಾಸಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಸಿಂಗಪುರ, ಥಾಯ್ಲೆಂಡ್, ವಿಯೆಟ್ನಾಂ, ಶ್ರೀಲಂಕಾ, ದುಬೈ, ಜಪಾನ್ ಅಥವಾ ಯುರೋಪಿಗೆ ಹೋಗಿಬರುವವರಲ್ಲಿ ಕೊನೆಯ ದಿನದ ಊಟದ ಬಗ್ಗೆ ಎರಡು ಬಗೆಯ ನಿಲುವುಗಳಿವೆ. ವಿಮಾನ ಹತ್ತುವ ದಿನ ಹೊರಗಿನದ್ದನ್ನು ಮುಟ್ಟಲೇಬಾರದು, ಉಳಿದಿರುವ ಚಪಾತಿ, ಚಟ್ನಿಪುಡಿಯಲ್ಲೇ ದಿನ ಕಳೆಯಬೇಕು ಎಂಬುದು ಒಂದು. ಇಷ್ಟು ದಿನ ತಿನ್ನದೆ ಉಳಿದದ್ದನ್ನೆಲ್ಲ ಅಂದೇ ತಿಂದು ಮುಗಿಸಬೇಕು ಎಂಬುದು ಇನ್ನೊಂದು. ಈ ಪುಟದ ಉತ್ತರಗಳು ಇವೆರಡನ್ನೂ ಒಪ್ಪುವುದಿಲ್ಲ.

ಕೊನೆಯ ದಿನ ಸ್ಥಳೀಯ ಊಟ ಮಾಡಬಹುದೇ?

ಮಾಡಬಹುದು, ಮಾಡುವುದೇ ಒಳ್ಳೆಯದು. ಆದರೆ ಅಂದು ತಿನ್ನುವುದು ಪ್ರವಾಸದಲ್ಲಿ ಈಗಾಗಲೇ ಒಮ್ಮೆ ತಿಂದು, ರುಚಿಸಿ, ಹೊಟ್ಟೆಗೂ ಒಗ್ಗಿದ ಪದಾರ್ಥವಾಗಿರಲಿ. ಹೊಸದನ್ನು ಪರೀಕ್ಷಿಸಲು ಪ್ರವಾಸದ ಎರಡನೆಯ ಅಥವಾ ಮೂರನೆಯ ದಿನ ಸೂಕ್ತ. ಆಗ ಏನಾದರೂ ಹೆಚ್ಚುಕಡಿಮೆಯಾದರೆ ಮಲಗಲು ಹೋಟೆಲಿನ ಕೋಣೆಯಿರುತ್ತದೆ, ಹತ್ತಿರದಲ್ಲಿ ಔಷಧದ ಅಂಗಡಿಯಿರುತ್ತದೆ. ಐದು ದಿನವೂ ಪ್ರವಾಸ ಕಂಪನಿಯವರು ಕರೆದುಕೊಂಡು ಹೋದ ಭಾರತೀಯ ಹೋಟೆಲಿನಲ್ಲೇ ಉಂಡು, ಆರನೆಯ ದಿನ ಸಂಜೆ ವಿಮಾನ ನಿಲ್ದಾಣಕ್ಕೆ ಹೋಗುವ ಹಾದಿಯಲ್ಲಿ ಹಸಿ ಸಿಂಪಿ ತಿನ್ನಲು ಹೊರಡುವವರಿಗೆ ಯಾರೂ ಧೈರ್ಯ ಹೇಳಲಾರರು. ಅದೇ ವ್ಯಕ್ತಿ ಮೂರನೆಯ ದಿನ ತಿಂದು ಮೆಚ್ಚಿದ ಬಿಸಿ ನೂಡಲ್ಸನ್ನು ಕೊನೆಯ ಮಧ್ಯಾಹ್ನ ಮತ್ತೆ ತಿನ್ನಲು ಹೋದರೆ ತಡೆಯಬೇಕಾದ ಕಾರಣವಿಲ್ಲ.

ದಿನದ ಯಾವ ಹೊತ್ತಿನಲ್ಲಿ ತಿನ್ನಬೇಕು?

ಇದನ್ನು ನಿರ್ಧರಿಸುವಾಗ ನಮ್ಮ ಜಿಲ್ಲೆಗಳವರು ವಿಮಾನದ ಸಮಯವನ್ನಷ್ಟೇ ನೋಡಿದರೆ ಸಾಲದು. ಬೆಂಗಳೂರಿನಲ್ಲೇ ಮನೆಯಿರುವವರಿಗೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದರೆ ಪ್ರವಾಸ ಬಹುಪಾಲು ಮುಗಿದಂತೆ. ನಮಗೆ ಅಲ್ಲಿಂದ ಇನ್ನೊಂದು ಪ್ರಯಾಣ ಶುರುವಾಗುತ್ತದೆ. ವಲಸೆ ತಪಾಸಣೆಯ ಸಾಲು, ಲಗೇಜಿನ ಕಾಯುವಿಕೆ ಎಲ್ಲ ಮುಗಿಸಿ, ದೊಡ್ಡಬಳ್ಳಾಪುರದ ಕಡೆಯಿಂದಲೋ ಬೆಂಗಳೂರು ದಾಟಿಯೋ ನೆಲಮಂಗಲ ಸೇರಿ, ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ಹಾದು ಹಾಸನ ಮುಟ್ಟುವ ಹೊತ್ತಿಗೆ ನಾಲ್ಕು ಗಂಟೆಯಾದರೂ ಕಳೆದಿರುತ್ತದೆ. ಬೇಲೂರು ದಾಟಿ ಚಿಕ್ಕಮಗಳೂರಿಗೆ ಹೋಗುವವರಿಗೆ ಇನ್ನೂ ಸುಮಾರು 60 ಕಿಲೋಮೀಟರ್ ಬಾಕಿ. ಮೂಡಿಗೆರೆ, ಕೊಪ್ಪ, ಶೃಂಗೇರಿಯವರ ಮಾತು ಬೇರೆಯೇ. ಹೊಟ್ಟೆ ಕೆಟ್ಟಾಗ ವಿಮಾನದಲ್ಲಿ ಶೌಚಾಲಯ ಹತ್ತು ಹೆಜ್ಜೆಯ ದೂರದಲ್ಲಿರುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಹೆದ್ದಾರಿಯಲ್ಲಿ ಹಾಗಿರುವುದಿಲ್ಲ.

ಆದ್ದರಿಂದ ವಿಮಾನ ರಾತ್ರಿ ಹೊರಡುವುದಾದರೆ ಸ್ಥಳೀಯ ಊಟವನ್ನು ಮಧ್ಯಾಹ್ನ 12ರಿಂದ 1 ಗಂಟೆಯೊಳಗೆ ಮುಗಿಸುವುದು ಸೂಕ್ತ. ತಿಂದದ್ದು ಜೀರ್ಣವಾಗಲು ಸಮಯ ಸಿಗುತ್ತದೆ. ತಕ್ಷಣವೇ ತೊಂದರೆ ಕೊಡುವ ಆಹಾರವಾಗಿದ್ದರೆ ಅದರ ಸುಳಿವೂ ವಿಮಾನ ಹತ್ತುವ ಮೊದಲೇ ಸಿಗುತ್ತದೆ. ವಿಮಾನ ಬೆಳಿಗ್ಗೆಯೇ ಇದ್ದರೆ ಹಿಂದಿನ ದಿನದ ಮಧ್ಯಾಹ್ನವನ್ನೇ ಕೊನೆಯ ಊಟವೆಂದು ಎಣಿಸಿ, ರಾತ್ರಿ ಹಗುರವಾಗಿ ಮುಗಿಸಿ.

ಹೊಟ್ಟೆ ಕೆಟ್ಟರೆ ಅದು ಕೊನೆಗೆ ತಿಂದದ್ದರಿಂದಲೇ ಎಂದು ತಿಳಿಯಬೇಕೇ?

ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲ. ಕೊನೆಯ ದಿನದ ಊಟಕ್ಕೆ ಬಂದಿರುವ ಕೆಟ್ಟ ಹೆಸರಿಗೆ ಈ ತಪ್ಪು ಲೆಕ್ಕವೇ ಮುಖ್ಯ ಕಾರಣ.

ಆಹಾರದಿಂದ ಬರುವ ತೊಂದರೆಗಳಲ್ಲಿ ಎರಡು ಬಗೆಗಳಿವೆ. ಮೊದಲನೆಯದು, ಆಹಾರದಲ್ಲಿ ಆಗಲೇ ಉತ್ಪತ್ತಿಯಾಗಿರುವ ವಿಷದಿಂದ ಆಗುವಂಥದ್ದು. ಅಡುಗೆಯವರ ಕೈಯಿಂದ ಸೇರಿದ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಹೊರಗಿಟ್ಟ ಕೆನೆ, ಮೊಟ್ಟೆ, ಮಾಂಸದ ಪದಾರ್ಥಗಳಲ್ಲಿ ಬೆಳೆದು ವಿಷ ಬಿಟ್ಟಿದ್ದರೆ, ತಿಂದ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಬೇಯಿಸಿ ಬಹಳ ಹೊತ್ತು ಹಾಗೆಯೇ ಇಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಕೂಡ ಅರ್ಧ ಗಂಟೆಯಿಂದ 6 ಗಂಟೆಯೊಳಗೆ ವಾಂತಿ ತರಿಸುತ್ತದೆ. ಆ ವಿಷ ಶಾಖಕ್ಕೆ ಬಗ್ಗುವುದಿಲ್ಲವಾದ್ದರಿಂದ ಹಳೆಯ ಅನ್ನವನ್ನು ಎಣ್ಣೆಯಲ್ಲಿ ಹುರಿದು ಫ್ರೈಡ್ ರೈಸ್ ಮಾಡಿದರೂ ಅದು ಹೋಗುವುದಿಲ್ಲ. ಕೊನೆಯ ದಿನ ನಿಜವಾಗಿ ಎಚ್ಚರ ವಹಿಸಬೇಕಾದದ್ದು ಈ ಬಗೆಯ ಬಗ್ಗೆ.

ಎರಡನೆಯದು, ಹೊಟ್ಟೆಯೊಳಗೆ ಹೋದ ಮೇಲೆ ಬೆಳೆಯಲು ಸಮಯ ತೆಗೆದುಕೊಳ್ಳುವ ರೋಗಾಣುಗಳದ್ದು. ನೊರೊವೈರಸ್‌ಗೆ 12ರಿಂದ 48 ಗಂಟೆ ಬೇಕು. ಪ್ರವಾಸಿಗರ ಭೇದಿಗೆ ಸಾಮಾನ್ಯ ಕಾರಣವಾದ ಇ. ಕೊಲೈ ಬಗೆಗೆ ಒಂದರಿಂದ ಮೂರು ದಿನ, ಸಾಲ್ಮೊನೆಲ್ಲಾಗೆ 6 ಗಂಟೆಯಿಂದ 6 ದಿನ, ಕ್ಯಾಂಪಿಲೊಬ್ಯಾಕ್ಟರ್‌ಗೆ ಎರಡರಿಂದ ಐದು ದಿನ. ಎಂದರೆ ವಿಮಾನದಲ್ಲಿ ಭೇದಿ ಶುರುವಾದರೆ ಅದರ ಮೂಲ ಬಹುಶಃ ಮೊನ್ನೆಯ ಹೋಟೆಲಿನ ಬಫೆಯಲ್ಲಿರುತ್ತದೆ; ಆರೋಪ ಮಾತ್ರ ಅಂದು ಮಧ್ಯಾಹ್ನದ ಬೀದಿ ಬದಿಯ ಅಂಗಡಿಯ ಮೇಲೆ ಬೀಳುತ್ತದೆ. ಭಾರತೀಯ ಊಟ, ದೊಡ್ಡ ಹೋಟೆಲು ಎಂಬ ನಂಬಿಕೆಯಲ್ಲಿ, ಗಂಟೆಗಟ್ಟಲೆ ಉಗುರುಬೆಚ್ಚಗೆ ಇಟ್ಟಿದ್ದ ಪಾತ್ರೆಯಿಂದ ಪಲಾವ್ ಬಡಿಸಿಕೊಂಡದ್ದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ.

ಹಾಗಾದರೆ ಅಂಗಡಿಯನ್ನು ಆರಿಸುವುದು ಹೇಗೆ?

ಕಣ್ಣೆದುರೇ ಬೇಯಿಸಿ, ಹಬೆಯಾಡುವಾಗಲೇ ಕೊಡುವ ಅಂಗಡಿ ಮೊದಲ ಆಯ್ಕೆ. ಸ್ಥಳೀಯರು, ಅದರಲ್ಲೂ ಕಚೇರಿಗಳವರು ಮತ್ತು ಮಕ್ಕಳೊಂದಿಗೆ ಬಂದವರು ಸಾಲು ನಿಂತಿದ್ದರೆ ಅಲ್ಲಿ ಸಾಮಗ್ರಿ ಬೇಗ ಖರ್ಚಾಗುತ್ತಿದೆ ಎಂದರ್ಥ. ಹಣ ಮುಟ್ಟುವ ಕೈಯೂ ಆಹಾರ ಮುಟ್ಟುವ ಕೈಯೂ ಒಂದೇ ಆಗಿದ್ದರೆ ಮುಂದಿನ ಅಂಗಡಿಗೆ ಹೋಗಿ. ನಲ್ಲಿ ನೀರು ನೇರವಾಗಿ ಕುಡಿಯಬಹುದಾದ ಸಿಂಗಪುರ, ಜಪಾನ್‌ನಂಥ ದೇಶಗಳಲ್ಲಿ ಐಸ್ ಮತ್ತು ಹಸಿ ತರಕಾರಿಯ ಭಯ ಅಷ್ಟಾಗಿ ಬೇಕಿಲ್ಲ. ಇತರೆಡೆ ಕೊನೆಯ ದಿನದ ಮಟ್ಟಿಗಾದರೂ ಐಸ್, ಹೆಚ್ಚಿಟ್ಟ ಹಣ್ಣು, ಸಲಾಡ್ ಮತ್ತು ಮೇಜಿನ ಮೇಲೆ ತೆರೆದಿಟ್ಟ ಚಟ್ನಿಗಳನ್ನು ಬಿಡಿ. ಸಿಪ್ಪೆ ಸುಲಿದು ತಿನ್ನುವ ಹಣ್ಣಿಗೆ ಅಡ್ಡಿಯಿಲ್ಲ.

ಸಿಂಗಪುರದ ಹಾಕರ್ ಸೆಂಟರುಗಳು ಈ ಎಲ್ಲ ಲೆಕ್ಕದಲ್ಲೂ ಗೆಲ್ಲುತ್ತವೆ. ಬೀದಿ ವ್ಯಾಪಾರಿಗಳನ್ನು ಒಂದೇ ಸೂರಿನಡಿ ತಂದು, ನೀರು, ಚರಂಡಿ, ತಪಾಸಣೆಯ ವ್ಯವಸ್ಥೆ ಮಾಡಿಕೊಟ್ಟ ಈ ಊಟದ ಅಂಗಳಗಳ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ದೋಸೆಯೂ ಸಿಗುತ್ತದೆ, ಚೀನೀ, ಮಲಯ್ ಊಟವೂ ಸಿಗುತ್ತದೆ. ಗುಂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಪಥ್ಯವಾದರೆ ಇದಕ್ಕಿಂತ ಅನುಕೂಲದ ಜಾಗವಿಲ್ಲ. ಅಲ್ಲಿನ ಮೇಜಿನ ಮೇಲೆ ಟಿಶ್ಯೂ ಕಾಗದದ ಸಣ್ಣ ಪೊಟ್ಟಣ ಇದ್ದರೆ ಯಾರೋ ಮರೆತುಹೋದದ್ದೆಂದು ಎತ್ತಿಡಬೇಡಿ. ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿದಂತೆ ಅವರು ಜಾಗ ಹಿಡಿದಿದ್ದಾರೆ. ಉಂಡ ತಟ್ಟೆಯನ್ನು ನಿಗದಿತ ಕಪಾಟಿಗೆ ಹಿಂದಿರುಗಿಸುವುದು 2021ರಿಂದ ಕಡ್ಡಾಯ, ತಪ್ಪು ಮರುಕಳಿಸಿದರೆ ದಂಡವೂ ಉಂಟು. ಹಲಾಲ್ ತಟ್ಟೆಗಳ ಕಪಾಟು ಬೇರೆಯಿರುತ್ತದೆ, ಗಮನಿಸಿ ಇಡಿ.

ವಿಮಾನದಲ್ಲಿ ಹೊಟ್ಟೆ ಉಬ್ಬರಿಸುವುದು ಏಕೆ? ಕೊನೆಯ ಊಟಕ್ಕೂ ಅದಕ್ಕೂ ಸಂಬಂಧವಿದೆಯೇ?

ಇದೆ. ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವ ಮಟ್ಟದಲ್ಲಿ ಇಟ್ಟಿರುತ್ತಾರೆ. 1,930 ಮೀಟರ್, ಎಂದರೆ ಸುಮಾರು 6,300 ಅಡಿಯ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಕುಳಿತು ಊಟ ಮಾಡಿದರೆ ಒತ್ತಡ ಎಷ್ಟಿರುತ್ತದೋ ಅಷ್ಟು, ಅಥವಾ ಅದಕ್ಕಿಂತ ಸ್ವಲ್ಪ ಕಡಿಮೆ. ಸಮುದ್ರಮಟ್ಟದ ಊರಿನಿಂದ ಆ ಒತ್ತಡಕ್ಕೆ ಏರಿದಾಗ ಕರುಳಿನೊಳಗಿನ ಗಾಳಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಹಿಗ್ಗುತ್ತದೆ. ಕಡಲೆ, ಅಲಸಂದೆ, ಎಲೆಕೋಸು, ಸೋಡಾ, ಬಿಯರ್ ಇವುಗಳನ್ನು ಏರುವ ಮುಂಚಿನ ಆರೇಳು ಗಂಟೆ ಬಿಟ್ಟರೆ ಉಬ್ಬರ ಬಹಳಷ್ಟು ಕಡಿಮೆಯಾಗುತ್ತದೆ. ದುಬೈನಿಂದ ಹೊರಡುವವರು ಹಮ್ಮುಸ್, ಫಲಾಫೆಲ್‌ಗಳನ್ನು ಕೊನೆಯ ಊಟಕ್ಕೆ ಆರಿಸದಿರುವುದು ಈ ಕಾರಣಕ್ಕೆ ಮೇಲು; ಎರಡೂ ಕಡಲೆಯವೇ. ಬಿಸಿ ಎಣ್ಣೆಯಿಂದ ತೆಗೆದು ಖರ್ಜೂರದ ಪಾಕ ಸುರಿದು ಕೊಡುವ ಲುಕೈಮಾತ್ ಉಂಡೆಗಳನ್ನು ನಾಲ್ಕು ತಿನ್ನಿ, ಅಲ್ಲಿಗೆ ನಿಲ್ಲಿಸಿ.

ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶ ಬಹಳ ಕಡಿಮೆ. ಉಪ್ಪು ಹೆಚ್ಚಿರುವ ಸೂಪು, ಸಾಸುಗಳ ಊಟ ಮಾಡಿ ಹತ್ತಿದರೆ ಬಾಯಾರಿಕೆ ಎರಡು ಪಟ್ಟಾಗುತ್ತದೆ. ನೀರು ಕೇಳಿ ಕುಡಿಯಲು ಸಂಕೋಚ ಬೇಡ.

ಸಸ್ಯಾಹಾರಿಗಳಿಗೆ ಸ್ಥಳೀಯ ಊಟ ಎಂಬುದು ಸಾಧ್ಯವೇ?

ಸಾಧ್ಯ, ಆದರೆ ದೇಶದಿಂದ ದೇಶಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ. ಮಾಂಸ ಹಾಕುತ್ತೀರಾ ಎಂದು ಕೇಳಿದರೆ ಇಲ್ಲವೆಂಬ ಪ್ರಾಮಾಣಿಕ ಉತ್ತರವೇ ಬರುತ್ತದೆ, ಆದರೂ ತಟ್ಟೆಯಲ್ಲಿ ಮೀನಿರುತ್ತದೆ. ಅವರ ಲೆಕ್ಕದಲ್ಲಿ ಮೀನಿನ ಸಾರ ಒಗ್ಗರಣೆಯಷ್ಟೇ ಸಹಜ.

ಥಾಯ್ಲೆಂಡಿನಲ್ಲಿ ಮೀನಿನ ಸಾಸ್ ಮತ್ತು ಸೀಗಡಿಯ ಗೊಜ್ಜು ಬಹುತೇಕ ಎಲ್ಲ ಕರಿಗಳಲ್ಲೂ ಇರುತ್ತವೆ. ಹಸಿ ಪರಂಗಿಕಾಯಿಯ ಸಲಾಡ್ ನೋಡಲು ನಮ್ಮ ಕೋಸಂಬರಿಯಂತಿದ್ದರೂ ಅದರಲ್ಲಿ ಒಣ ಸೀಗಡಿ ಕುಟ್ಟಿರುತ್ತಾರೆ. ಅಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ, ‘ಜೇ’ ಎಂದು ಕರೆಯುವ ಅಂಗಡಿಗಳನ್ನು ಹುಡುಕಿ. ಅವು ಬೌದ್ಧ ವ್ರತದ ಊಟದವು. ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲದೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಈರುಳ್ಳಿ ಮುಟ್ಟದ ಮಲೆನಾಡಿನ ಮನೆತನಗಳವರು ಬ್ಯಾಂಕಾಕಿನಲ್ಲಿ ಹಸಿದುಕೊಂಡಿರುವ ಅಗತ್ಯವೇನೂ ಇಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಮಾವಿನಹಣ್ಣಿನೊಂದಿಗೆ ಕೊಡುವ ಅಂಟಕ್ಕಿಯ ಅನ್ನ ತೆಂಗಿನ ಹಾಲಿನದ್ದು, ಸಾಮಾನ್ಯವಾಗಿ ಸಸ್ಯಾಹಾರಿಯೇ. ಮಾರ್ಚಿಯಿಂದ ಜೂನ್‌ವರೆಗೆ ಅದರ ಹಂಗಾಮು.

ವಿಯೆಟ್ನಾಂನಲ್ಲಿ ‘ಚಾಯ್’ ಎಂದು ಬೋರ್ಡು ಇರುವ ಹೋಟೆಲುಗಳು ಸಸ್ಯಾಹಾರದವು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಅಲ್ಲಿನ ಅನೇಕರು ಮಾಂಸ ಬಿಡುವುದರಿಂದ ಅಂಥ ದಿನ ಆಯ್ಕೆ ಹೆಚ್ಚು. ಪಂಚಾಂಗ ನೋಡಿ ಟಿಕೆಟ್ ಮಾಡಿಸುವವರಿಗೆ ಇದೊಂದು ಅನಿರೀಕ್ಷಿತ ಲಾಭ.

ಶ್ರೀಲಂಕಾದಲ್ಲಿ ಇಡಿಯಾಪ್ಪವನ್ನು ಕಂಡ ಕೂಡಲೇ ನಮ್ಮ ಒತ್ತು ಶ್ಯಾವಿಗೆ ಎಂದು ಗುರುತಿಸಿ ನಿಶ್ಚಿಂತರಾಗುವವರುಂಟು. ಶ್ಯಾವಿಗೆಯಲ್ಲಿ ದೋಷವಿಲ್ಲ, ಆದರೆ ಪಕ್ಕದ ಸಾಂಬೋಲ ಎಂಬ ತೆಂಗಿನಕಾಯಿ ಚಟ್ನಿಯಲ್ಲೂ ಕೆಲವೊಮ್ಮೆ ತೆಂಗಿನ ಹಾಲಿನ ತೆಳು ಸಾರಿನಲ್ಲೂ ಮಾಲ್ಡೀವ್ಸ್ ಒಣಮೀನಿನ ಪುಡಿ ಇರುತ್ತದೆ. ಅದನ್ನು ಹಾಕದೆ ಕೊಡಿ ಎಂದರೆ ಕೊಡುತ್ತಾರೆ.

ಜಪಾನ್ ಸಸ್ಯಾಹಾರಿಗಳಿಗೆ ಎಲ್ಲಕ್ಕಿಂತ ಕಷ್ಟದ ದೇಶ. ತರಕಾರಿ ಮಾತ್ರ ಹಾಕಿದ ಊದೊನ್ ನೂಡಲ್ಸಿನ ಸಾರು, ಮಿಸೊ ಸೂಪು, ಕೊನೆಗೆ ಬೇಯಿಸಿದ ಸೊಪ್ಪಿನ ಪಲ್ಯದವರೆಗೆ ಎಲ್ಲದರಲ್ಲೂ ಬೊನಿಟೊ ಮೀನಿನ ಹಪ್ಪಳೆಗಳಿಂದ ತೆಗೆದ ದಾಶಿ ಎಂಬ ಸಾರ ಇರುತ್ತದೆ. ಬೌದ್ಧ ಮಠಗಳ ‘ಶೋಜಿನ್ ರಿಯೊರಿ’ ಊಟದಲ್ಲಿ ಮೀನಿನ ಬದಲು ಕಡಲಪಾಚಿ, ಅಣಬೆಗಳಿಂದ ಸಾರು ತೆಗೆಯುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಮೊದಲೇ ಕಾದಿರಿಸಬೇಕಾಗುವುದರಿಂದ ಕೊನೆಯ ದಿನದ ಅವಸರಕ್ಕೆ ಸಿಗುವಂಥದ್ದಲ್ಲ. ಹೊರಡುವ ಮೊದಲೇ ಊರಿನಿಂದ ವ್ಯವಸ್ಥೆ ಮಾಡಿಕೊಳ್ಳಿ.

ಯುರೋಪಿನಲ್ಲಿ ಸಮಸ್ಯೆ ಚೀಸಿನದು. ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿಯೇ ಹೆಪ್ಪು ಹಾಕುತ್ತಾರೆ. ಪಾಸ್ತಾದ ಮೇಲೆ ಉದುರಿಸುವುದು ಹೆಚ್ಚಾಗಿ ಅದನ್ನೇ. ಪನ್ನಾ ಕೊಟ್ಟಾ ಎಂಬ ಸಿಹಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಟಿನ್ ಇರುತ್ತದೆ. ಸ್ವಿಟ್ಜರ್ಲೆಂಡಿನ ಫಾಂಡ್ಯು ಎಂಬ ಕರಗಿಸಿದ ಚೀಸಿನ ಪದಾರ್ಥ ತಯಾರಾಗುವುದು ಬಿಳಿ ವೈನ್‌ನಲ್ಲಿ. ಇವುಗಳಲ್ಲಿ ಯಾವುದು ತಮಗೆ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಮನೆಯ ಹಿರಿಯರೊಂದಿಗೆ ಮೊದಲೇ ಮಾತಾಡಿಕೊಂಡಿದ್ದರೆ ಹೋಟೆಲಿನ ಮೇಜಿನ ಮುಂದೆ ಮುಜುಗರವಾಗುವುದಿಲ್ಲ.

ಮಾಂಸಾಹಾರಿಗಳು ಏನನ್ನು ಬಿಡಬೇಕು?

ಹಸಿ ಮೀನು, ಹಸಿ ಸಿಂಪಿ, ಅರೆಬೆಂದ ಮಾಂಸ, ಹಸಿ ಮೊಟ್ಟೆ. ಇಷ್ಟು ಬಿಟ್ಟರೆ ಸಾಕು. ಕಳಲೆ, ಏಡಿ ಸಾರು, ಹಂದಿ ಮಾಂಸದ ಊಟದಲ್ಲಿ ಬೆಳೆದ ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಆಗ್ನೇಯ ಏಷ್ಯಾದ ಅಡುಗೆ ಅಪರಿಚಿತವೆನಿಸುವುದಿಲ್ಲ. ಸಿಗಡಿ, ಏಡಿ, ಕಡಲೆಕಾಯಿ ಅಲರ್ಜಿ ಇರುವವರು ಮಾತ್ರ ಆ ಅಲರ್ಜಿಯನ್ನು ಸ್ಥಳೀಯ ಭಾಷೆಯಲ್ಲಿ ಬರೆಸಿದ ಚೀಟಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಲೇಬೇಕು. ಆಕಾಶದಲ್ಲಿ ಉಸಿರು ಕಟ್ಟಿದರೆ ಆಸ್ಪತ್ರೆ ಗಂಟೆಗಳ ದೂರದಲ್ಲಿರುತ್ತದೆ.

ಕೊನೆಯ ದಿನ ಅಲ್ಲಿನ ಕಾಫಿ ಕುಡಿಯಬಹುದೇ?

ಕಾಫಿ ಬೆಳೆಯುವ ಜಿಲ್ಲೆಯವರು ಇದನ್ನು ಕೇಳದೆ ಇರುವುದಿಲ್ಲ. ಕುದಿಯುವ ನೀರಿನಲ್ಲಿ ತಯಾರಾಗುವ ಕಾಫಿಯಿಂದ ಹೊಟ್ಟೆ ಕೆಡುವ ಭಯ ಕಡಿಮೆ. ಕುಡಿಯಿರಿ, ಅಲ್ಲಿ ಹೇಗೆ ಮಾಡುತ್ತಾರೆ ಎಂಬುದನ್ನೂ ನಿಂತು ನೋಡಿ.

ಸಿಂಗಪುರದ ಹಳೆಯ ಕಾಫಿ ಅಂಗಡಿಯಲ್ಲಿ ಬೀಜವನ್ನು ಸಕ್ಕರೆ ಮತ್ತು ಮಾರ್ಗರೀನ್ ಜೊತೆ ಹುರಿದಿರುತ್ತಾರೆ. ಉದ್ದನೆಯ ಕಾಲುಚೀಲದಂಥ ಬಟ್ಟೆಯ ಸೋಸಣಿಗೆಯಲ್ಲಿ ಪುಡಿ ಹಾಕಿ, ಉದ್ದ ಮೂತಿಯ ತಂಬಿಗೆಯಿಂದ ಕುದಿನೀರು ಸುರಿದು, ಇಳಿದ ಕಪ್ಪು ಕಾಫಿಯನ್ನು ಮತ್ತೆ ಅದೇ ಬಟ್ಟೆಯ ಮೂಲಕ ಹಾಯಿಸುತ್ತಾರೆ. ಮಲೆನಾಡಿನ ಮನೆಗಳ ಕಾಫಿ ಬಟ್ಟೆಯನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯ ಲೋಟದ ತಳದಲ್ಲಿ ಮೊದಲೇ ಕೂತಿರುವ ಗಟ್ಟಿ ಸಿಹಿ ಹಾಲಿನದು. ಸುಮ್ಮನೆ ‘ಕೊಪಿ’ ಎಂದರೆ ಆ ಸಿಹಿ ಹಾಲಿನ ಕಾಫಿ ಬರುತ್ತದೆ. ‘ಕೊಪಿ ಒ’ ಎಂದರೆ ಹಾಲಿಲ್ಲದೆ ಸಕ್ಕರೆ ಮಾತ್ರ. ‘ಕೊಪಿ ಸಿ’ ಎಂದರೆ ಸಿಹಿಯಿಲ್ಲದ ಗಟ್ಟಿ ಹಾಲು ಮತ್ತು ಸಕ್ಕರೆ. ಮಧುಮೇಹಿಗಳು ಯಾವುದಕ್ಕಾದರೂ ‘ಕೊಸೊಂಗ್’ ಎಂದು ಸೇರಿಸಿದರೆ ಸಕ್ಕರೆ ಹಾಕುವುದಿಲ್ಲ. ಸಿಹಿ ಹಾಲಿನದ್ದಕ್ಕೆ ಮಾತ್ರ ಅದು ಅನ್ವಯಿಸುವುದಿಲ್ಲ. ಜೊತೆಗೆ ಕೊಡುವ ಕಾಯ ಟೋಸ್ಟಿನ ಹಸಿರು ಗೊಜ್ಜು ತೆಂಗಿನ ಹಾಲು ಮತ್ತು ಮೊಟ್ಟೆಯದು ಎಂಬುದು ಸಸ್ಯಾಹಾರಿಗಳಿಗೆ ತಿಳಿದಿರಲಿ.

ವಿಯೆಟ್ನಾಂ ಜಗತ್ತಿನಲ್ಲಿ ಬ್ರೆಜಿಲ್‌ನ ನಂತರ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ, ಬೆಳೆಯುವುದು ಹೆಚ್ಚಾಗಿ ರೊಬಸ್ಟಾ. ಲೋಟದ ಮೇಲೆ ಕೂರಿಸಿದ ‘ಫಿನ್’ ಎಂಬ ಸಣ್ಣ ಲೋಹದ ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಸಿಹಿ ಹಾಲಿನ ಮೇಲೆ ಬೀಳುತ್ತದೆ. ವಿಮಾನಕ್ಕೆ ತಡವಾಗಿರುವವರು ಇದನ್ನು ತರಿಸಬಾರದು, ಅವಸರಿಸಿದರೆ ಅದು ಇಳಿಯುವುದಿಲ್ಲ. ಹನಾಯಿಯ ಮೊಟ್ಟೆ ಕಾಫಿ 1946ರಲ್ಲಿ ಹಾಲಿನ ಅಭಾವವಿದ್ದಾಗ ಹುಟ್ಟಿದ್ದು. ಹಸಿ ಮೊಟ್ಟೆಯ ಹಳದಿಯನ್ನು ಸಕ್ಕರೆ, ಗಟ್ಟಿ ಹಾಲಿನೊಂದಿಗೆ ನೊರೆಯಾಗುವಂತೆ ಕಡೆದು ಕಾಫಿಯ ಮೇಲೆ ತೇಲಿಸುತ್ತಾರೆ. ಅದು ನಿಜಕ್ಕೂ ರುಚಿ, ಆದರೆ ಮೊಟ್ಟೆ ಪೂರ್ತಿ ಬೆಂದಿರುವುದಿಲ್ಲವಾದ್ದರಿಂದ ಕೊನೆಯ ದಿನಕ್ಕಲ್ಲ.

ಇಟಲಿಯಲ್ಲಿ ಬಾರಿನ ಕಟ್ಟೆಯ ಬಳಿ ನಿಂತು ಎಸ್ಪ್ರೆಸೊ ಕುಡಿದರೆ ಅಗ್ಗ, ಮೇಜಿಗೆ ತರಿಸಿಕೊಂಡರೆ ಅನೇಕ ಕಡೆ ಬೆಲೆ ಹೆಚ್ಚು. ಭಾರತದ ಕಾಫಿಯನ್ನು ಹೆಚ್ಚು ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ. ರೋಮಿನ ಆ ಪುಟ್ಟ ಬಟ್ಟಲಿನಲ್ಲಿ ನಮ್ಮ ಕಡೆಯ ರೊಬಸ್ಟಾ ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಇಷ್ಟವಾದ ತಿನಿಸನ್ನು ಊರಿಗೆ ತರಬಹುದೇ? ಕಾಫಿ ಬೀಜ ತರಬಹುದೇ?

ಹುರಿದ ಬೀಜ, ಪುಡಿ, ಫಿನ್ ಫಿಲ್ಟರ್ ತರಬಹುದು. ಹುರಿಯದ ಹಸಿ ಬೀಜ, ಗಿಡ, ಕಡ್ಡಿ, ಬೇರು, ಮಣ್ಣು ತರಬಾರದು. ವಿಯೆಟ್ನಾಂನ ತೋಟ ನೋಡಲು ಹೋದ ಬೆಳೆಗಾರರಿಗೆ ಒಳ್ಳೆಯ ತಳಿಯ ನಾಲ್ಕು ಬೀಜ ಜೇಬಿಗೆ ಹಾಕಿಕೊಳ್ಳುವ ಆಸೆಯಾಗುವುದು ಸಹಜ, ಅದರಲ್ಲೂ ಯೆಮನ್‌ನಿಂದ ಏಳು ಬೀಜ ತಂದರೆಂಬ ಬಾಬಾ ಬುಡನ್ ಕಥೆ ಕೇಳಿ ಬೆಳೆದ ಚಿಕ್ಕಮಗಳೂರಿನವರಿಗೆ. ಆದರೆ ಕಾಫಿ ಹಣ್ಣನ್ನು ಕೊರೆಯುವ ಬೆರ್ರಿ ಬೋರರ್ ಕೀಟ ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ಅದು ಕರ್ನಾಟಕದ ತೋಟಗಳಿಗೂ ಹರಡಿ ಇಂದಿಗೂ ಬೆಳೆಗಾರರನ್ನು ಕಾಡುತ್ತಿದೆ. ಹೊರಗಿನ ಬೀಜದ ಜೊತೆ ಏನು ಬರುತ್ತದೆಂದು ಕಣ್ಣಿಗೆ ಕಾಣುವುದಿಲ್ಲ. ತಳಿಯ ಆಸಕ್ತಿಯಿದ್ದವರು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯನ್ನು ವಿಚಾರಿಸುವುದು ಸರಿಯಾದ ದಾರಿ. ತೋಟದಲ್ಲಿ ಓಡಾಡಿದ ಶೂಗಳ ಮಣ್ಣನ್ನೂ ಅಲ್ಲೇ ತೊಳೆದು ಬನ್ನಿ.

ಹಣ್ಣು, ಬೀಜ, ಮಾಂಸ, ಮೀನು, ಹಾಲಿನ ಉತ್ಪನ್ನ ತಂದಿದ್ದರೆ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಗೋಮಾಂಸ ಇರುವ ಯಾವುದೇ ತಿನಿಸಿನ ಆಮದಿಗೆ ನಿಷೇಧವಿದೆ. ಒಣಮಾಂಸದ ಪೊಟ್ಟಣ, ಇನ್‌ಸ್ಟಂಟ್ ನೂಡಲ್ಸಿನ ಮಸಾಲೆಯ ಮೇಲೆ ಏನು ಬರೆದಿದೆ ಎಂದು ಓದಿಯೇ ಕೊಳ್ಳಿ. ಡುರಿಯನ್ ಹಣ್ಣನ್ನು ಅದರ ವಾಸನೆಯ ಕಾರಣಕ್ಕೆ ಸಿಂಗಪುರದ ಮೆಟ್ರೊದಲ್ಲೇ ಬಿಡುವುದಿಲ್ಲ.

ಸಾಸು, ಜಾಮು, ಜೇನು, ಉಪ್ಪಿನಕಾಯಿ, ಕಾಯ ಎಲ್ಲವೂ ಭದ್ರತಾ ತಪಾಸಣೆಯ ಲೆಕ್ಕದಲ್ಲಿ ದ್ರವಗಳೇ. ಅನೇಕ ನಿಲ್ದಾಣಗಳಲ್ಲಿ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಡಬ್ಬಿ ಬಿಡುವುದಿಲ್ಲ. ದೊಡ್ಡ ಲಗೇಜಿನಲ್ಲಿ ಬಟ್ಟೆಗಳ ನಡುವೆ ಸುತ್ತಿಡಿ. ಅರಸೀಕೆರೆಯ ಕಡೆಯವರಿಗೆ ಒಂದು ಮಾತು: ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಹೋಗುವಾಗ ನೆಂಟರಿಗೆಂದು ಗಿಟುಕು ಕಟ್ಟಿಕೊಂಡು ಹೊರಟರೆ ಕೆಂಪೇಗೌಡ ನಿಲ್ದಾಣದಲ್ಲೇ ತೆಗೆಸುತ್ತಾರೆ.

ಊರಿನಿಂದ ತಂದ ಅವಲಕ್ಕಿ, ಚಟ್ನಿಪುಡಿ ಉಳಿದಿದೆ. ಅದನ್ನೇ ತಿಂದು ಮುಗಿಸಬಾರದೇ?

ಒಂದು ಹೊತ್ತಿಗೆ ಅಗತ್ಯವಾಗಿ ಮುಗಿಸಿ, ರಾತ್ರಿಯ ಹಗುರ ಊಟಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ. ಮಧ್ಯಾಹ್ನದ ಊಟಕ್ಕೆ ಅದನ್ನು ಬಿಚ್ಚಬೇಡಿ. ಲಕ್ಷ ಖರ್ಚು ಮಾಡಿ ಹೋದ ಊರಿನಲ್ಲಿ ಹೋಟೆಲ್ ಕೋಣೆಯ ಕೆಟಲಿನ ಬಿಸಿನೀರಿಗೆ ಅವಲಕ್ಕಿ ನೆನೆಸಿ ಕೂರುವುದು ಮಿತವ್ಯಯವಲ್ಲ.

ಉಳಿದ ವಿದೇಶಿ ಹಣವನ್ನು ಊಟಕ್ಕೆ ಖರ್ಚು ಮಾಡುವುದು ಜಾಣತನವೇ?

ನಾಣ್ಯಗಳ ಮಟ್ಟಿಗೆ ಹೌದು. ಹಣ ವಿನಿಮಯದವರು ಸಾಮಾನ್ಯವಾಗಿ ನೋಟುಗಳನ್ನು ಮಾತ್ರ ಪಡೆಯುತ್ತಾರೆ. ಯೂರೊ, ಯೆನ್‌ಗಳಲ್ಲಿ ನಾಣ್ಯವೇ ಒಳ್ಳೆಯ ಮೊತ್ತವಾಗುತ್ತದೆ; ಅದನ್ನು ಕೊನೆಯ ಊಟದ ಬಿಲ್ಲಿಗೆ ಸೇರಿಸಿ. ಜಪಾನಿನಲ್ಲಿ ಸುಯಿಕಾ ರೈಲು ಕಾರ್ಡಿನಲ್ಲಿ ಉಳಿದ ಹಣದಿಂದ ಮೂಲೆಯ ಅಂಗಡಿಗಳಲ್ಲಿ ತಿಂಡಿ ಕೊಳ್ಳಬಹುದು. ಅಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ, ಮೇಜಿನ ಮೇಲೆ ಬಿಟ್ಟ ಚಿಲ್ಲರೆಯನ್ನು ಹಿಂದಿರುಗಿಸಲು ಹಿಂದೆಯೇ ಬರುತ್ತಾರೆ.

ವಯಸ್ಸಾದ ತಂದೆತಾಯಿ, ಮಕ್ಕಳು, ಗರ್ಭಿಣಿಯರು ಜೊತೆಗಿದ್ದರೆ?

ನಿರ್ಜಲೀಕರಣ ಇವರನ್ನು ಬೇಗ ಬಾಧಿಸುತ್ತದೆ, ಆದ್ದರಿಂದ ಮೇಲಿನ ಎಚ್ಚರಿಕೆಗಳನ್ನು ಇವರ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿ ಪಾಲಿಸಬೇಕು. ಗರ್ಭಿಣಿಯರು ಹಸಿ ಹಾಲಿನ ಮೆದು ಚೀಸುಗಳನ್ನೂ ಬಿಡಬೇಕು, ಲಿಸ್ಟೀರಿಯಾ ಸೋಂಕಿನ ಅಪಾಯವಿದೆ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವ ಹಿರಿಯರು ಔಷಧವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಲಿ. ಸಮಯದ ವ್ಯತ್ಯಾಸಕ್ಕೆ ತಕ್ಕಂತೆ ಡೋಸನ್ನು ಹೊಂದಿಸುವ ಬಗ್ಗೆ ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಿರಲಿ.

ವಿಮಾನದ ಊಟಕ್ಕೆ ಮೊದಲೇ ಹೇಳಬೇಕೇ?

ಹೇಳಲೇಬೇಕು, ಸಾಮಾನ್ಯವಾಗಿ ಕನಿಷ್ಠ 24 ಗಂಟೆ ಮುಂಚೆ. ಭಾರತೀಯ ಬಗೆಯ ಸಸ್ಯಾಹಾರಕ್ಕೆ ಎವಿಎಂಎಲ್, ಜೈನ ಊಟಕ್ಕೆ ವಿಜೆಎಂಎಲ್, ಗೋಮಾಂಸವಿಲ್ಲದ ಮಾಂಸಾಹಾರಕ್ಕೆ ಎಚ್‌ಎನ್‌ಎಂಎಲ್ ಎಂಬ ಸಂಕೇತಗಳಿವೆ. ಹೋಗುವಾಗ ಆರಿಸಿದ್ದು ಬರುವಾಗಿನ ಟಿಕೆಟಿಗೂ ತಾನಾಗಿ ಅನ್ವಯವಾಗುತ್ತದೆ ಎಂದು ಭಾವಿಸದೆ ಎರಡನ್ನೂ ಪರಿಶೀಲಿಸಿ.

ಇಷ್ಟಾದರೂ ಹೊಟ್ಟೆ ಕೆಟ್ಟರೆ ಏನು ಮಾಡಬೇಕು? ಯಾವಾಗ ವೈದ್ಯರ ಬಳಿಗೆ ಹೋಗಬೇಕು?

ಓಆರ್‌ಎಸ್ ಪೊಟ್ಟಣಗಳು ಕೈಚೀಲದಲ್ಲಿರಲಿ, ಲಗೇಜಿನಲ್ಲಿಟ್ಟರೆ ಬೇಕಾದಾಗ ಕೈಗೆ ಸಿಗುವುದಿಲ್ಲ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ, ಗುಟುಕು ಗುಟುಕಾಗಿ ಕುಡಿಯಿರಿ. ಅದಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಅಳತೆ ತಪ್ಪಬಾರದು. ಭೇದಿ ನಿಲ್ಲಿಸುವ ಲೊಪೆರಮೈಡ್ ಮಾತ್ರೆ ದೊಡ್ಡವರಿಗೆ ಪ್ರಯಾಣದ ಮಟ್ಟಿಗೆ ನೆರವಾಗಬಹುದು, ಆದರೆ ಜ್ವರವಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಅದನ್ನು ತೆಗೆದುಕೊಳ್ಳಬಾರದು, ಮಕ್ಕಳಿಗೆ ವೈದ್ಯರು ಹೇಳದೆ ಕೊಡಬಾರದು. ಉಳಿದಿರುವ ಆ್ಯಂಟಿಬಯಾಟಿಕ್ ನುಂಗುವುದು ಬೇಡ.

ರಕ್ತಭೇದಿ, ತೀವ್ರ ಜ್ವರ, ನೀರೂ ನಿಲ್ಲದಷ್ಟು ವಾಂತಿ, ಮೂತ್ರ ಕಡಿಮೆಯಾಗುವುದು, ಮೂರು ದಿನಕ್ಕೂ ನಿಲ್ಲದ ಭೇದಿ ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಹತ್ತಿರದ ಆಸ್ಪತ್ರೆಗೆ ಹೋಗಿ. ದಾರಿಯಲ್ಲೇ ತೀವ್ರವಾದರೆ ಊರು ಮುಟ್ಟಲಿ ಎಂದು ಕಾಯಬೇಡಿ. ಯಾವ ದೇಶದಿಂದ, ಯಾವ ದಿನ ಬಂದಿರಿ ಎಂಬುದನ್ನು ವೈದ್ಯರಿಗೆ ಅವರು ಕೇಳದಿದ್ದರೂ ಹೇಳಿ. ಹೆಪಟೈಟಿಸ್ ಎ ಸೋಂಕು ಕಾಣಿಸಿಕೊಳ್ಳಲು 15ರಿಂದ 50 ದಿನ ಹಿಡಿಯುತ್ತದೆ. ಪ್ರವಾಸ ಮುಗಿದು ತಿಂಗಳಾದ ಮೇಲೆ ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅಥವಾ ಊಟ ಸೇರದೆ ಜ್ವರ ಬಂದರೆ ಆಗಲೂ ಪ್ರವಾಸದ ವಿಷಯವನ್ನು ತಿಳಿಸಬೇಕು.